ಹಳೆಯ ಮೋಟಾರು ಬಂಡಿಯ ಸ್ಟಾರ್ಟರ್: ದುರಸ್ತಿಯೋ, ಬದಲಾವಣೆಯೋ?

ನಮ್ಮ ವಿಭಾಗದಿಂದ ನಿವೃತ್ತರಾದ ಹಿರಿಯ ಅಧ್ಯಾಪಕರೊಬ್ಬರು ಕಳೆದ ವರ್ಷ ಒಂದು ಗೋಣಿಚೀಲವನ್ನು ಹಿಡಿಸಿಕೊಂಡು ಪ್ರಯೋಗಶಾಲೆಗೆ ಬಂದರು. ಚೀಲದೊಳಗಿದ್ದುದು ಅವರ ಮಾರಿಸ್ ಮೈನರ್ ಬಂಡಿಯಿಂದ ಕಳಚಿದ ಸ್ಟಾರ್ಟರ್ ಮೋಟಾರು. “ಇದು ಸತ್ತ ಯಂತ್ರ. ಗುಜರಿಗೆ ಹಾಕುವುದಕ್ಕಿಂತ ನಿಮಗೆ ಕೊಡುವುದು ಮೇಲು. ಅಡ್ಡಲಾಗಿ ಕೊಯ್ದು ಗಾಜಿನ ಪೆಟ್ಟಿಗೆಯಲ್ಲಿಟ್ಟರೆ ಹುಡುಗರು ಒಳಗಿನ ರಚನೆಯನ್ನಾದರೂ ನೋಡಿಯಾರು” ಎಂದು ಹೇಳಿ ಅದನ್ನು ನಮ್ಮ ಮೇಜಿನ ಮೇಲೆ ಇರಿಸಿದರು. ದಾನವನ್ನು ನಾವು ಸಂತೋಷದಿಂದಲೇ ಸ್ವೀಕರಿಸಿದೆವು.

ಅದರ ಪೂರ್ವಕಥೆ ಇಷ್ಟು. ಒಂದೆರಡು ವರ್ಷಗಳಿಂದ ಬಂಡಿಯ ಎಂಜಿನ್ನು ಬೆಳಗಿನ ಹೊತ್ತು ಬಹು ನಿಧಾನವಾಗಿ ತಿರುಗುತ್ತಿತ್ತು. ಕೆಲವೊಮ್ಮೆ ಅರ್ಧ ಸುತ್ತು ತಿರುಗಿ ನಿಂತುಬಿಡುತ್ತಿತ್ತು. ಗ್ಯಾರೇಜಿನವರು ನೋಡಿ, “ಸೆಲ್ಫ್ ಹೋಗಿದೆ ಸಾರ್, ಬದಲಾಯಿಸಲೇಬೇಕು” ಎಂದರು. ಬೇರೊಂದು ಬಂಡಿಯಿಂದ ತೆಗೆದು ಸರಿಪಡಿಸಿದ್ದ ಅದೇ ಜಾತಿಯ ಮೋಟಾರನ್ನು ಹುಡುಕಿ ತಂದು ಕೂಡಿಸಿದರು. ಮೊದಲ ಕೆಲವು ವಾರ ಸ್ವಲ್ಪ ಗುಣ ಕಂಡಿತು. ಅನಂತರ ಮತ್ತೆ ಅದೇ ಪಾಡು. ಎರಡನೆಯದೂ ಹಳೆಯದೇ ಆದುದರಿಂದ ಅದೂ ಕೆಟ್ಟಿರಬೇಕೆಂದು ಎಲ್ಲರೂ ಸಮಾಧಾನಪಟ್ಟುಕೊಂಡರು.

ಕೊಯ್ಯುವ ಮುನ್ನ ಒಮ್ಮೆ ಪರೀಕ್ಷಿಸಿ ನೋಡೋಣವೆಂದು ನಾವು ಆ ಮೋಟಾರನ್ನು ವೈಸಿನಲ್ಲಿ ಬಿಗಿದು, ದಪ್ಪ ತಂತಿಗಳ ಮೂಲಕ 12 ವೋಲ್ಟಿನ ಬ್ಯಾಟರಿಗೆ ಸೇರಿಸಿದೆವು. ಸತ್ತ ಯಂತ್ರವು ಭೋರೆಂದು ತಿರುಗಿತು. ಹೊರೆಯಿಲ್ಲದೆ ತಿರುಗುವುದು ದೊಡ್ಡ ಪ್ರಮಾಣವಲ್ಲ. ಆದುದರಿಂದ ಅದರ ಪಿನಿಯನ್ನಿಗೆ ಒಂದು ಸನ್ನೆಯನ್ನು ಬಿಗಿದು, ಸನ್ನೆಯ ತುದಿಯನ್ನು ಸ್ಪ್ರಿಂಗ್ ತಕ್ಕಡಿಗೆ ಕಟ್ಟಿ, ಕ್ಷಣಮಾತ್ರ ಪ್ರವಾಹವನ್ನು ಹರಿಸಿ, ತಡೆದು ನಿಲ್ಲಿಸಿದಾಗ ಅದು ತೋರುವ ತಿರುಗುಬಲವನ್ನು ಅಳೆದೆವು. ಅದರಲ್ಲಿಯೂ ಕೊರತೆ ಕಾಣಲಿಲ್ಲ. ಮೋಟಾರಿನಲ್ಲಿ ದೋಷವಿಲ್ಲವೆಂದ ಮೇಲೆ ದೋಷವು ಬಂಡಿಯಲ್ಲಿಯೇ ಉಳಿದಿರಬೇಕಷ್ಟೆ. ಪ್ರಸ್ತುತ ಲೇಖನವು ಆ ಹುಡುಕಾಟದಿಂದ ಹುಟ್ಟಿದುದು. ಓಮನ ನಿಯಮವನ್ನು ಪರೀಕ್ಷೆಯಲ್ಲಿ ತಪ್ಪಿಲ್ಲದೆ ಬರೆಯುವ ವಿದ್ಯಾರ್ಥಿಗಳಿಗೂ, ಅದನ್ನು ವರ್ಷವರ್ಷವೂ ಪಾಠ ಹೇಳುವ ನಮಗೂ, ಒಂದು ಓಮಿನ ನೂರನೆಯ ಒಂದು ಭಾಗವು ಒಂದು ಯಂತ್ರವನ್ನು ಗುಜರಿಗೆ ಕಳಿಸಬಲ್ಲುದೆಂಬುದು ಸಾಮಾನ್ಯವಾಗಿ ಹೊಳೆಯುವುದಿಲ್ಲ.

ಇಂಗ್ಲೆಂಡಿನಲ್ಲಿ ‘ವಿಂಟೇಜ್’ ಎಂಬ ಶಬ್ದವನ್ನು 1919ರಿಂದ 1930ರವರೆಗಿನ ಬಂಡಿಗಳಿಗೆ ಮಾತ್ರ ಸಲ್ಲಿಸುವ ರೂಢಿಯುಂಟು. ನಮ್ಮ ದೇಶದಲ್ಲಿ 2021ರ ನಿಯಮಗಳ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ಕಳೆದ, ಮೂಲರೂಪದಲ್ಲಿ ಉಳಿಸಿಕೊಂಡು ಬಂದ, ವಾಣಿಜ್ಯಕ್ಕೆ ಬಳಸದ ಬಂಡಿಗಳೆಲ್ಲ ಆ ಹೆಸರಿಗೆ ಅರ್ಹವಾಗುತ್ತವೆ. ಮಾರಿಸ್ ಮೈನರ್ 1948ರಲ್ಲಿ ಹೊರಬಂದಿತು. ಅಲೆಕ್ ಇಸಿಗೊನಿಸ್ ಅದರ ವಿನ್ಯಾಸಕಾರರು. 1970ರ ದಶಕದ ಆರಂಭದವರೆಗೂ ಅದರ ತಯಾರಿಕೆ ನಡೆಯಿತು. ಭಾರತದಲ್ಲಿ ಹಿಂದೂಸ್ಥಾನ್ ಮೋಟಾರ್ಸ್ ಸಂಸ್ಥೆಯವರು ಅದನ್ನು ‘ಬೇಬಿ ಹಿಂದೂಸ್ಥಾನ್’ ಎಂಬ ಹೆಸರಿನಿಂದ ಮಾರಿದ್ದುಂಟು. ನಮ್ಮ ಕೈಗೆ ಬಂದುದು 1952ರ ಅನಂತರದ, 803 ಘನ ಸೆಂಟಿಮೀಟರ್ ಎಂಜಿನ್ನಿನ ಮಾದರಿ. ಅದರ ಸ್ಟಾರ್ಟರ್ ಲೂಕಾಸ್ ಸಂಸ್ಥೆಯ ಎಂ 35 ಜಿ ಎಂಬುದು. ಈ ಹೆಸರಿನ 35 ಎಂಬ ಅಂಕೆಯು ಹೊರಕವಚದ ವ್ಯಾಸ ಮೂರೂವರೆ ಅಂಗುಲವೆಂಬುದನ್ನು ಸೂಚಿಸುತ್ತದೆ. ಮೂರೂವರೆ ಅಂಗುಲದ ಈ ಕೊಳವೆಯು ನಾಲ್ಕು ಸಿಲಿಂಡರುಗಳ ಎಂಜಿನ್ನನ್ನು ತಿರುಗಿಸುವುದು ಹೇಗೆಂಬುದೇ ಮೊದಲು ಕೇಳಬೇಕಾದ ಪ್ರಶ್ನೆ.

ಈ ಪ್ರಶ್ನೆಗೆ ಉತ್ತರ ಕಂಡುಕೊಂಡವರು ಅಮೆರಿಕದ ಚಾರ್ಲ್ಸ್ ಕೆಟರಿಂಗ್. ಅಲ್ಲಿಯವರೆಗೆ ಎಂಜಿನ್ನನ್ನು ಹ್ಯಾಂಡಲಿನಿಂದ ತಿರುಗಿಸಬೇಕಾಗಿತ್ತು. ಕಿಡಿ ಬೇಗ ಹಾರಿದರೆ ಹ್ಯಾಂಡಲು ಹಿಂದಕ್ಕೆ ಒದೆದು ಕೈಮೂಳೆ ಮುರಿಯುತ್ತಿದ್ದುದು ಅಪರೂಪವಾಗಿರಲಿಲ್ಲ. ವಿದ್ಯುತ್ ಮೋಟಾರಿನಿಂದ ಈ ಕೆಲಸ ಮಾಡಿಸಬೇಕಾದರೆ ಮೋಟಾರು ಎಂಜಿನ್ನಿನಷ್ಟೇ ದೊಡ್ಡದಾಗಬೇಕೆಂದು ಹಲವರು ನಂಬಿದ್ದರು. ಕೆಟರಿಂಗರು ಅದಕ್ಕೆ ಮುನ್ನ ಡೇಟನ್ ನಗರದ ನ್ಯಾಷನಲ್ ಕ್ಯಾಷ್ ರಿಜಿಸ್ಟರ್ ಸಂಸ್ಥೆಯಲ್ಲಿದ್ದು, ಅಂಗಡಿಗಳ ಹಣದ ಯಂತ್ರಕ್ಕೆ ಒಂದು ಪುಟ್ಟ ಮೋಟಾರನ್ನು ಅಳವಡಿಸಿದ್ದರು. ಹಣದ ಪೆಟ್ಟಿಗೆಯನ್ನು ತೆರೆಯುವ ಮೋಟಾರು ಒಂದು ಕ್ಷಣ ದುಡಿದು ಬಹುಕಾಲ ವಿಶ್ರಮಿಸುತ್ತದೆ. ಆದುದರಿಂದ ಆ ಒಂದು ಕ್ಷಣ ಅದರ ಮೇಲೆ ಶಕ್ತಿಗೆ ಮೀರಿದ ಹೊರೆಯನ್ನು ಹೇರಬಹುದು. ಈ ತತ್ತ್ವವನ್ನೇ ಅವರು ಮೋಟಾರು ಬಂಡಿಗೆ ಅನ್ವಯಿಸಿದರು. 1912ರ ಮಾದರಿಯ ಕ್ಯಾಡಿಲಾಕ್ ಬಂಡಿಗಳು ಅವರ ಸ್ಟಾರ್ಟರಿನೊಡನೆ ಮಾರುಕಟ್ಟೆಗೆ ಬಂದವು. ಬಡವರ ಬಂಡಿಯೆನಿಸಿದ ಫೋರ್ಡ್ ಮಾಡೆಲ್ ಟಿಗೆ ಆ ಸೌಕರ್ಯ ದೊರೆತುದು 1919ರಲ್ಲಿ. ಇಂದಿಗೂ ಸ್ಟಾರ್ಟರ್ ಮೋಟಾರು ಕೆಲವು ಸೆಕೆಂಡುಗಳ ಯಂತ್ರವೇ. ಅದನ್ನು ಐದಾರು ಸೆಕೆಂಡುಗಳಿಗಿಂತ ಹೆಚ್ಚು ಹೊತ್ತು ಎಡೆಬಿಡದೆ ಎಳೆಯಬಾರದೆಂಬ ಎಚ್ಚರಿಕೆಗೆ ಇದೇ ಮೂಲ.

ಎಂ 35 ಜಿಯ ಒಳಗೆ ನಾಲ್ಕು ಕಾಂತಧ್ರುವಗಳೂ ನಾಲ್ಕು ಬ್ರಷ್ಷುಗಳೂ ಇವೆ. ಧ್ರುವಗಳ ಸುರುಳಿಗಳಲ್ಲಿ ಹರಿಯುವ ಪ್ರವಾಹವೇ ಆರ್ಮೇಚರಿನಲ್ಲಿಯೂ ಹರಿಯುತ್ತದೆ; ಎಂದರೆ ಇದು ಶ್ರೇಣಿ ಮೋಟಾರು. ಸುರುಳಿಗಳನ್ನು ದಾರದಂತಹ ತಂತಿಯಿಂದಲ್ಲ, ದಪ್ಪನೆಯ ಪಟ್ಟಿಗಳಿಂದ ಸುತ್ತಿರುತ್ತಾರೆ. ಶ್ರೇಣಿ ಮೋಟಾರಿನಲ್ಲಿ ಪ್ರವಾಹವು ಹೆಚ್ಚಿದಂತೆ ಕಾಂತಕ್ಷೇತ್ರವೂ ಹೆಚ್ಚುವುದರಿಂದ, ಕಬ್ಬಿಣವು ಕಾಂತತ್ವದಿಂದ ತಣಿಯುವವರೆಗೆ, ತಿರುಗುಬಲವು ಪ್ರವಾಹದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ನಿಂತ ಎಂಜಿನ್ನನ್ನು ಅಲುಗಿಸಲು ಬೇಕಾದುದು ಇದೇ ಗುಣ. ಆರ್ಮೇಚರ್ ತಿರುಗತೊಡಗಿದೊಡನೆ ಅದರಲ್ಲಿ ಎದುರು ವಿದ್ಯುಚ್ಚಾಲಕ ಬಲವು ಹುಟ್ಟಿ ಪ್ರವಾಹವನ್ನು ತಗ್ಗಿಸುತ್ತದೆ. ನಿಂತಿರುವಾಗ ಆ ಬಲ ಶೂನ್ಯ. ಪ್ರವಾಹವನ್ನು ತಡೆಯುವುದು ಕೇವಲ ರೋಧ.

ಆ ರೋಧವಾದರೂ ಎಷ್ಟು? ಲೆಕ್ಕದ ಸೌಲಭ್ಯಕ್ಕಾಗಿ ಬ್ಯಾಟರಿಯ ವಿದ್ಯುಚ್ಚಾಲಕ ಬಲವನ್ನು 12 ವೋಲ್ಟೆಂದೂ, ಅದರ ಒಳರೋಧವನ್ನು 0.010 ಓಮೆಂದೂ, ಮೋಟಾರಿನ ರೋಧವನ್ನು 0.018 ಓಮೆಂದೂ ಇಟ್ಟುಕೊಳ್ಳೋಣ. ಈ ಗಾತ್ರದ ಯಂತ್ರಗಳಿಗೆ ಇವು ಸಲ್ಲುವ ಬೆಲೆಗಳೇ. ಆಗ ತಡೆದು ನಿಲ್ಲಿಸಿದ ಮೋಟಾರಿನಲ್ಲಿ ಹರಿಯುವ ಪ್ರವಾಹ ಸುಮಾರು 430 ಆಂಪಿಯರ್. ಈಗ ತಂತಿಯ ಯಾವುದೋ ಒಂದು ಕೀಲಿನಲ್ಲಿ ತುಕ್ಕೋ ಬಣ್ಣವೋ ಸೇರಿ 0.010 ಓಮಿನಷ್ಟು ರೋಧವನ್ನು ಹೊಸದಾಗಿ ತಂದಿತೆನ್ನೋಣ. ಪ್ರವಾಹವು 316 ಆಂಪಿಯರಿಗೆ ಇಳಿಯುತ್ತದೆ. ಕಬ್ಬಿಣವು ಸಂಪೂರ್ಣವಾಗಿ ತಣಿದಿದ್ದರೆ ತಿರುಗುಬಲದಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ನಷ್ಟ; ತಣಿಯದಿದ್ದರೆ ಅರ್ಧದ ಸಮೀಪ. ಅಷ್ಟು ಹೊತ್ತೂ ಆ ಕೀಲಿನಲ್ಲಿ ಸುಮಾರು 1000 ವಾಟುಗಳಷ್ಟು ಶಕ್ತಿ ಶಾಖವಾಗಿ ವ್ಯಯವಾಗುತ್ತಿರುತ್ತದೆ. ಮನೆಯ ಇಸ್ತ್ರಿ ಪೆಟ್ಟಿಗೆಯೊಂದನ್ನು ಆ ಬೋಲ್ಟಿನ ಕೆಳಗೆ ಇಟ್ಟಂತೆ.

ಎಂಜಿನ್ನು ತಿರುಗುತ್ತಿರುವಾಗಿನ ಸ್ಥಿತಿಯನ್ನೂ ನೋಡಬೇಕು. ಅದನ್ನು ತಿರುಗಿಸಲು ಬೇಕಾದ ಬಲಕ್ಕೆ 150 ಆಂಪಿಯರ್ ಬೇಕೆಂದು ಭಾವಿಸೋಣ. ಬ್ಯಾಟರಿಯೊಳಗೆ 1.5 ವೋಲ್ಟ್, ಮೋಟಾರಿನ ಸುರುಳಿಗಳಲ್ಲಿ 2.7 ವೋಲ್ಟ್ ಕಳೆದು, ವೇಗವನ್ನು ನಿರ್ಧರಿಸುವ ಎದುರು ಬಲಕ್ಕೆ ಉಳಿಯುವುದು 7.8 ವೋಲ್ಟ್. ಕೀಲಿನ ರೋಧವು ಇನ್ನೂ 1.5 ವೋಲ್ಟನ್ನು ನುಂಗಿದರೆ ಉಳಿಯುವುದು 6.3. ಹೊರೆ ಬದಲಾಗದಿರುವುದರಿಂದ ಪ್ರವಾಹ ಅಷ್ಟೇ ಇರುತ್ತದೆ. ವೇಗ ಮಾತ್ರ ಐದರಲ್ಲಿ ಒಂದು ಪಾಲು ತಗ್ಗುತ್ತದೆ. ನಿಧಾನವಾಗಿ ತಿರುಗುವ ಎಂಜಿನ್ನನ್ನು ಕಂಡೊಡನೆ ಮೋಟಾರನ್ನೇ ದೂರುವುದು ಸರಿಯಲ್ಲವೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ವಾದ ಬೇಕಾಗಿಲ್ಲ.

ಇಷ್ಟು ಅಲ್ಪವಾದ ರೋಧವನ್ನು ಸಾಮಾನ್ಯ ಓಮ್ ಮಾಪಕದಿಂದ ಕಂಡುಹಿಡಿಯಲಾಗದು. ಮಾಪಕದ ತಂತಿಗಳ ರೋಧವೇ ಅದರ ಹತ್ತಾರು ಪಟ್ಟು ಇರುತ್ತದೆ. ಗ್ಯಾರೇಜುಗಳಲ್ಲಿ ಬಲ್ಬನ್ನು ಹಚ್ಚಿ ನೋಡುವ ಪರೀಕ್ಷೆಯೂ ಇಲ್ಲಿ ಮೋಸ ಮಾಡುತ್ತದೆ. ಅರ್ಧ ಆಂಪಿಯರಿನ ಬಲ್ಬು ಕೆಟ್ಟ ಕೀಲಿನ ಮೂಲಕವೂ ಝಗಝಗಿಸಿ ಉರಿಯುತ್ತದೆ. ಇರುವ ಉಪಾಯ ಒಂದೇ: ದೊಡ್ಡ ಪ್ರವಾಹವು ಹರಿಯುತ್ತಿರುವಾಗಲೇ ಮಾರ್ಗದ ಒಂದೊಂದು ತುಂಡಿನ ಎರಡು ತುದಿಗಳಿಗೂ ವೋಲ್ಟ್ ಮಾಪಕವನ್ನು ಸೇರಿಸಿ, ಎಲ್ಲಿ ಎಷ್ಟು ಇಳಿಯುತ್ತದೆಂದು ನೋಡುವುದು. ಎಂಜಿನ್ನು ಹೊತ್ತಿಕೊಳ್ಳದಂತೆ ಕಿಡಿಯ ಸುರುಳಿಯ ತಂತಿಯನ್ನು ಕಳಚಿರಬೇಕು, ಗೇರು ತಟಸ್ಥದಲ್ಲಿರಬೇಕು. ಒಬ್ಬರು ಸ್ವಿಚ್ಚನ್ನು ಎಳೆಯಬೇಕು, ಇನ್ನೊಬ್ಬರು ಓದಬೇಕು.

ನಾವು ಅಧ್ಯಾಪಕರ ಮನೆಗೆ ಹೋಗಿ ಹೀಗೆಯೇ ಮಾಡಿದೆವು. ಬ್ಯಾಟರಿಯ ಎರಡು ಗೂಟಗಳ ನಡುವೆ ಎಳೆಯುವಾಗಲೂ ಹತ್ತು ವೋಲ್ಟಿಗೆ ಕಡಿಮೆಯಾಗಲಿಲ್ಲ; ಬ್ಯಾಟರಿ ಗಟ್ಟಿಯಾಗಿತ್ತು. ಬ್ಯಾಟರಿಯಿಂದ ಸ್ವಿಚ್ಚಿಗೆ, ಸ್ವಿಚ್ಚಿನಿಂದ ಮೋಟಾರಿಗೆ ಹೋಗುವ ದಪ್ಪ ತಂತಿಗಳಲ್ಲಿ ಇಳಿತ ಅತ್ಯಲ್ಪ. ಈ ಮಾದರಿಯಲ್ಲಿ ಸ್ವಿಚ್ಚು ವಿದ್ಯುತ್ಕಾಂತದಿಂದ ನಡೆಯುವುದಲ್ಲ. ಗುಬುಟನ್ನು ಎಳೆದಾಗ ತಂತಿಯೊಂದು ತಾಮ್ರದ ಎರಡು ದಪ್ಪ ತುಂಡುಗಳನ್ನು ಒತ್ತಿ ಸೇರಿಸುತ್ತದೆ. ಅಲ್ಲಿಯೇ ದೋಷವಿರಬೇಕೆಂದು ನಾವು ಮನೆಯಿಂದ ಹೊರಡುವಾಗಲೇ ನಿಶ್ಚಯಿಸಿಕೊಂಡಿದ್ದೆವು. ಅಲ್ಲಿ ಕಂಡುದು ಒಂದು ವೋಲ್ಟಿನ ಹತ್ತನೆಯ ಒಂದು ಭಾಗ ಮಾತ್ರ. ಕೊನೆಗೆ, ಬೇರೇನೂ ಉಳಿಯದಿದ್ದುದರಿಂದ, ಮಾಪಕದ ಒಂದು ತುದಿಯನ್ನು ಎಂಜಿನ್ನಿನ ಬರಿಯ ಲೋಹಕ್ಕೂ ಮತ್ತೊಂದನ್ನು ಬ್ಯಾಟರಿಯ ಧನ ಗೂಟಕ್ಕೂ ಮುಟ್ಟಿಸಿದೆವು. ಮುಳ್ಳು 1.8ಕ್ಕೆ ಏರಿತು. ಕಾಲು ವೋಲ್ಟೋ ಅದಕ್ಕೂ ಕಡಿಮೆಯೋ ಇರಬೇಕಾದ ಕಡೆ 1.8 ವೋಲ್ಟ್!

ಈ ಬಂಡಿಗಳಲ್ಲಿ ಬ್ಯಾಟರಿಯ ಧನ ಧ್ರುವವನ್ನು ಬಂಡಿಯ ಮೈಗೆ ಸೇರಿಸಿರುತ್ತಾರೆ. ಆದರೆ ಎಂಜಿನ್ನು ಮತ್ತು ಗೇರುಪೆಟ್ಟಿಗೆ ರಬ್ಬರಿನ ಮೆತ್ತೆಗಳ ಮೇಲೆ ಕುಳಿತಿರುತ್ತವೆ. ರಬ್ಬರು ವಿದ್ಯುತ್ತನ್ನು ಹರಿಯಗೊಡದು. ಆದುದರಿಂದ ಗೇರುಪೆಟ್ಟಿಗೆಗೂ ಬಂಡಿಯ ಮೈಗೂ ನಡುವೆ ಹೆಣೆದ ತಾಮ್ರದ ಒಂದು ಪಟ್ಟಿಯನ್ನು ಕೂಡಿಸಿರುತ್ತಾರೆ. ಮೋಟಾರಿಗೆ ಒಂದು ದಾರಿಯಿಂದ ಬಂದ ನೂರಾರು ಆಂಪಿಯರುಗಳಿಗೆ ಇನ್ನೊಂದು ದಾರಿ ಈ ಪಟ್ಟಿಯೇ. ಮೆಕ್ಯಾನಿಕ್ಕುಗಳು ಇದನ್ನು ಅರ್ತ್ ಪಟ್ಟಿಯೆನ್ನುತ್ತಾರೆ. ಅಧ್ಯಾಪಕರು ಕೆಲವು ವರ್ಷಗಳ ಹಿಂದೆ ಬಂಡಿಯ ತಳಕ್ಕೆಲ್ಲ ತುಕ್ಕುನಿರೋಧಕ ಬಣ್ಣ ಬಳಿಸಿದ್ದರು. ಆಗ ಕಳಚಿದ್ದ ಪಟ್ಟಿಯನ್ನು ಮರಳಿ ಬಿಗಿದುದು ಬಣ್ಣದ ಮೇಲೆ. ಬೋಲ್ಟಿನ ಎಳೆಗಳ ಮೂಲಕ ಹೇಗೋ ಹರಿಯುತ್ತಿದ್ದ ಪ್ರವಾಹವು ಎರಡು ಮಳೆಗಾಲ ಕಳೆಯುವುದರೊಳಗೆ ಆ ದಾರಿಯನ್ನೂ ತುಕ್ಕಿಗೆ ಕಳೆದುಕೊಂಡಿತ್ತು. ಪಟ್ಟಿಯ ಹೆಣಿಗೆಯೂ ಅರ್ಧಕ್ಕರ್ಧ ಕಿತ್ತು ಹಸುರುಗಟ್ಟಿತ್ತು.

ಇನ್ನೊಂದು ಸುಳಿವು ಮೊದಲೇ ದೊರೆತಿತ್ತು. ನಾವು ಅದನ್ನು ಗಮನಿಸಿರಲಿಲ್ಲ. ಸ್ಟಾರ್ಟರನ್ನು ಎಳೆದು ಬಿಟ್ಟ ಮೇಲೆ ಚೋಕ್ ತಂತಿಯ ಗುಬುಟು ಬೆಚ್ಚಗಾಗುತ್ತದೆಂದು ಅಧ್ಯಾಪಕರ ಶ್ರೀಮತಿಯವರು ಹೇಳಿದಾಗ ನಾವು ಎಂಜಿನ್ನಿನ ಶಾಖವಿರಬೇಕೆಂದು ನಕ್ಕು ಬಿಟ್ಟಿದ್ದೆವು. ತಣ್ಣಗಿರುವ ಎಂಜಿನ್ನಿಗೆ ಶಾಖವೆಲ್ಲಿಯದು? ಹೆದ್ದಾರಿ ಮುಚ್ಚಿದಾಗ ಪ್ರವಾಹವು ಕಾಲುದಾರಿ ಹಿಡಿದಿತ್ತು. ಕಾರ್ಬ್ಯುರೇಟರಿಗೂ ಮುಂಫಲಕಕ್ಕೂ ನಡುವೆ ಲೋಹದ ಸಂಪರ್ಕವಾಗಿರುವ ತೆಳ್ಳನೆಯ ಚೋಕ್ ತಂತಿಯೇ ಆ ಕಾಲುದಾರಿ. ಇಂತಹ ತಂತಿಗಳು ಕೆಂಪಗೆ ಕಾಯ್ದು ಹೊಗೆಯಾಡಿದ ಪ್ರಸಂಗಗಳೂ ಉಂಟು. ಪೆಟ್ರೋಲಿನ ಪಕ್ಕದಲ್ಲಿ ಅದು ಸಲ್ಲದ ಆಟ.

ಅದೇ ದೋಷವು ಕಿಡಿಯನ್ನೂ ಬಡವಾಗಿಸುತ್ತಿತ್ತೆಂಬುದು ಆಮೇಲೆ ಹೊಳೆಯಿತು. ಕಿಡಿಯ ಸುರುಳಿಯ ಪ್ರವಾಹವು ಡಿಸ್ಟ್ರಿಬ್ಯೂಟರಿನ ಸಂಪರ್ಕಬಿಂದುಗಳ ಮೂಲಕ ಎಂಜಿನ್ನಿನ ಮೈಗೆ ಸೇರಿ, ಅಲ್ಲಿಂದ ಇದೇ ಪಟ್ಟಿಯ ದಾರಿಯಾಗಿ ಬ್ಯಾಟರಿಯನ್ನು ಸೇರಬೇಕು. ಸ್ಟಾರ್ಟರು ದುಡಿಯುವಾಗ ಪಟ್ಟಿಯಲ್ಲಿ ಕಳೆಯುವ 1.8 ವೋಲ್ಟು ಸುರುಳಿಗೂ ನಷ್ಟವೇ. ಎಂಜಿನ್ನು ನಿಧಾನವಾಗಿ ತಿರುಗಿದರೂ ಒಮ್ಮೊಮ್ಮೆ ಹೊತ್ತಿಕೊಳ್ಳಬೇಕಾದುದು ಸುತರಾಂ ಹೊತ್ತಿಕೊಳ್ಳದೆ ಹೋಗುತ್ತಿದ್ದುದು ಈ ಕಾರಣದಿಂದ. ಹೊಸ ಪಟ್ಟಿಯನ್ನು ತಂದು, ಎರಡು ಕಡೆಯೂ ಲೋಹ ಹೊಳೆಯುವಂತೆ ಉಜ್ಜಿ ಬಿಗಿದ ಮೇಲೆ ಇಳಿತವು 0.2 ವೋಲ್ಟಿಗೆ ಬಂದಿತು. ಬಂಡಿ ಮೊದಲ ಎಳೆತಕ್ಕೇ ಹೊರಟಿತು. ಮೋಟಾರು ಬದಲಾಯಿಸಿದಾಗ ಕೆಲವು ವಾರ ಗುಣ ಕಂಡುದೇಕೆಂಬುದೂ ಈಗ ತಿಳಿಯಿತು: ಆಗ ತಂತಿಯ ತುದಿಗಳನ್ನು ಉಜ್ಜಿ ಬಿಗಿದಿದ್ದರು, ಒಟ್ಟು ರೋಧದಲ್ಲಿ ಅಷ್ಟು ಕಡಿಮೆಯಾಗಿತ್ತು. ಗ್ಯಾರೇಜಿನವರನ್ನು ನಾವು ದೂಷಿಸುವುದಿಲ್ಲ. ಬಣ್ಣದ ಕೆಳಗಿನ ರೋಧ ಯಾರ ಕಣ್ಣಿಗೂ ಕಾಣುವಂತಹುದಲ್ಲ. ಒಂದು ಮಾಪಕವಿದ್ದರೆ ಅವರೂ ಕಾಣುತ್ತಿದ್ದರು.

ಮಾಪಕವಿಲ್ಲದವರು ಮುಂದಿನ ದೀಪಗಳನ್ನು ಹಚ್ಚಿ ಸ್ಟಾರ್ಟರನ್ನು ಎಳೆದು ನೋಡಬಹುದು. ದೀಪಗಳು ಬಹುಮಟ್ಟಿಗೆ ಆರಿದಂತಾದರೆ ಬ್ಯಾಟರಿ ಸೋತಿದೆ, ಇಲ್ಲವೆ ಮೋಟಾರು ಎಲ್ಲಿಯೋ ಸಿಕ್ಕಿಕೊಂಡು ಅಪಾರ ಪ್ರವಾಹವನ್ನು ಎಳೆಯುತ್ತಿದೆ. ದೀಪಗಳು ಕದಲದೆ ಮೋಟಾರೂ ಮೌನವಾಗಿದ್ದರೆ ಮಾರ್ಗವೇ ಕಡಿದಿದೆ. ಸ್ವಿಚ್ಚು, ತಂತಿ, ಬ್ರಷ್ಷು ಇವುಗಳನ್ನು ನೋಡಬೇಕು. ದೀಪಗಳು ಚೆನ್ನಾಗಿಯೇ ಉರಿಯುತ್ತ ಎಂಜಿನ್ನು ಮಾತ್ರ ಏದುಸಿರು ಬಿಟ್ಟರೆ ನಮಗಾದ ಅನುಭವವೇ ಅವರಿಗೂ ಆಗಿದೆಯೆಂದು ತಿಳಿಯಬಹುದು. ದೀಪಗಳು ಬಂಡಿಯ ಮೈಯನ್ನು ಆಶ್ರಯಿಸಿರುವುದರಿಂದ ಎಂಜಿನ್ನಿನ ಪಟ್ಟಿಯ ದುಃಖ ಅವಕ್ಕೆ ತಟ್ಟುವುದಿಲ್ಲ. ಬ್ಯಾಟರಿಯ ದ್ರಾವಣವನ್ನು ಹೈಡ್ರೊಮೀಟರಿನಿಂದ ಅಳೆಯುವವರು ಒಂದು ವಿಷಯವನ್ನು ನೆನಪಿಡಬೇಕು. ತಂಪು ದೇಶಗಳ ಕೈಪಿಡಿಗಳು ಪೂರ್ಣ ತುಂಬಿದ ಬ್ಯಾಟರಿಗೆ 1.270ರಿಂದ 1.290ರವರೆಗಿನ ವಿಶಿಷ್ಟ ಗುರುತ್ವವನ್ನು ಹೇಳುತ್ತವೆ. ಉಷ್ಣದೇಶಗಳಲ್ಲಿ ಫಲಕಗಳು ಬೇಗ ಸವೆಯದಿರಲೆಂದು ದ್ರಾವಣವನ್ನು ತೆಳುವಾಗಿ, 1.210ರಿಂದ 1.230ರ ಮಟ್ಟದಲ್ಲಿ ತುಂಬುವುದೂ ಉಂಟು. ರಾಯಚೂರಿನಲ್ಲಿ ಅಂತಹ ಬ್ಯಾಟರಿಯನ್ನು ಇಂಗ್ಲಿಷ್ ಕೈಪಿಡಿಯ ಅಂಕೆಯಿಂದ ಅಳೆದು ಅರ್ಧ ಖಾಲಿಯೆಂದರೆ ತಪ್ಪಾದೀತು.

ಇಷ್ಟನ್ನೂ ನೋಡಿದ ಮೇಲೆ, ಮೋಟಾರಿನ ತುದಿಯಲ್ಲಿ ಬೇಕಾದಷ್ಟು ವೋಲ್ಟಿದ್ದೂ ಅದು ದುಡಿಯದಿದ್ದರೆ ಮಾತ್ರ ಅದನ್ನು ಕಳಚಬೇಕು. ಕಳಚುವ ಮುನ್ನ ಬ್ಯಾಟರಿಯ ಭೂಸಂಪರ್ಕವನ್ನು ಬಿಡಿಸಬೇಕೆಂಬುದನ್ನು ಹೇಳಲೇಬೇಕಾಗಿದೆ. ಈ ಬಂಡಿಯಲ್ಲಿ ಆ ಸಂಪರ್ಕವಿರುವುದು ಧನ ಗೂಟದಲ್ಲಿ. ಹೊಸ ಬಂಡಿಗಳ ರೂಢಿಯಿಂದ ಋಣ ಗೂಟವನ್ನು ಮೊದಲು ಬಿಡಿಸಹೋದವರ ಸ್ಪಾನರು ಬಂಡಿಯ ಮೈಗೆ ತಗುಲಿದರೆ ಕಿಡಿಮಳೆಯಾಗುತ್ತದೆ.

ಮೋಟಾರಿನೊಳಗೆ ಸವೆಯುವುದು ಮೊದಲು ಬ್ರಷ್ಷುಗಳು. ಡೈನಮೋವಿನ ಬ್ರಷ್ಷು ಇಂಗಾಲದ್ದು; ಸ್ಟಾರ್ಟರಿನದು ತಾಮ್ರವನ್ನು ಬೆರೆಸಿದ್ದು, ರೋಧ ಕಡಿಮೆಯಿರಲೆಂದು. ಒಂದರ ಬದಲು ಮತ್ತೊಂದನ್ನು ಹಾಕಿದರೆ ಮೇಲೆ ಹೇಳಿದ ಲೆಕ್ಕವೆಲ್ಲ ಬ್ರಷ್ಷಿನಲ್ಲಿಯೇ ಪುನರಾವರ್ತನೆಯಾಗುತ್ತದೆ. ಬ್ರಷ್ಷು ಕಮ್ಯುಟೇಟರಿನ ಮೇಲೆ ಸರಿಯಾಗಿ ಕೂರದಷ್ಟು ಗಿಡ್ಡವಾಗಿದ್ದರೆ, ಅಥವಾ ಅದರೊಳಗಿನ ಮೆತು ತಂತಿಯು ಉಜ್ಜುವ ಮುಖದಲ್ಲಿ ಕಾಣಿಸಿಕೊಂಡಿದ್ದರೆ, ಹೊಸದನ್ನು ಹಾಕಬೇಕು. ಬೆಸುಗೆ ಹಾಕುವಾಗ ಸೀಸವು ಮೆತು ತಂತಿಯ ಉದ್ದಕ್ಕೂ ಏರದಂತೆ ನೋಡಿಕೊಳ್ಳಬೇಕು. ಏರಿದರೆ ತಂತಿ ಕಡ್ಡಿಯಂತೆ ಬಿರುಸಾಗಿ ಬ್ರಷ್ಷು ಸರಾಗವಾಗಿ ಇಳಿಯದು. ಸ್ಪ್ರಿಂಗುಗಳ ಒತ್ತಡವು 15ರಿಂದ 25 ಔನ್ಸ್, ಎಂದರೆ 425ರಿಂದ 710 ಗ್ರಾಂ ಇರಬೇಕು. ಸ್ಪ್ರಿಂಗ್ ತಕ್ಕಡಿಯ ಕೊಕ್ಕೆಯಿಂದ ಅದನ್ನು ಎತ್ತಿ ನೋಡಬಹುದು.

ಕಮ್ಯುಟೇಟರನ್ನು ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಬೇಕಾದರೆ ನಯವಾದ ಉಪ್ಪುಕಾಗದದಿಂದ ಉಜ್ಜಬೇಕು. ಎಮರಿ ಕಾಗದ ಕೂಡದು. ಅದರ ಕಣಗಳು ತಾಮ್ರದಲ್ಲಿ ನಾಟಿಕೊಂಡು ಉಳಿಯುತ್ತವೆ. ಇಲ್ಲಿ ನಮ್ಮ ವೈಂಡಿಂಗ್ ಅಂಗಡಿಗಳಲ್ಲಿ ನಡೆಯುವ ಒಂದು ತಪ್ಪನ್ನು ಎತ್ತಿ ಹೇಳಬೇಕಾಗಿದೆ. ಡೈನಮೋವಿನಲ್ಲಿ ತಾಮ್ರದ ಪಟ್ಟಿಗಳ ನಡುವಿನ ಅಭ್ರಕವನ್ನು ಕೆಳಗೆ ಕೊರೆದು ಗಾಡಿ ಮಾಡುವುದು ಸರಿ. ಸ್ಟಾರ್ಟರಿನಲ್ಲಿ ಹಾಗೆ ಮಾಡಬಾರದೆಂದು ಲೂಕಾಸ್ ತಯಾರಕರ ಸ್ಪಷ್ಟವಾದ ಸೂಚನೆಯಿದೆ. ಇಲ್ಲಿನ ಬ್ರಷ್ಷು ತಾಮ್ರ ಬೆರೆತುದು. ಅದು ಸವೆದು ಉದುರುವ ಪುಡಿ ಕೊರೆದ ಗಾಡಿಗಳಲ್ಲಿ ತುಂಬಿ ಪಟ್ಟಿಯಿಂದ ಪಟ್ಟಿಗೆ ಸೇತುವೆ ಕಟ್ಟುತ್ತದೆ. ಕೈಚಳಕದವರು ಮರ್ಯಾದೆಯಿಂದ ಮಾಡಿದ ಈ ಹೆಚ್ಚಿನ ಕೆಲಸವೇ ಒಳ್ಳೆಯ ಆರ್ಮೇಚರನ್ನು ಕೆಡಿಸುತ್ತದೆ.

ಆರ್ಮೇಚರಿನ ದಂಡವು ತಿರುಗುವ ಕಂಚಿನ ಬುಷ್ಷುಗಳು ಸವೆದರೆ ಆರ್ಮೇಚರ್ ಓಲಾಡಿ ಧ್ರುವಗಳಿಗೆ ತಾಗುತ್ತದೆ. ಧ್ರುವದ ಮುಖದ ಮೇಲೆ ಉಜ್ಜಿದ ಹೊಳಪು ಕಂಡರೆ ಇದು ಖಂಡಿತ. ಈ ಬುಷ್ಷುಗಳು ರಂಧ್ರಮಯವಾದವು. ಕೂಡಿಸುವ ಮುನ್ನ ಇಪ್ಪತ್ತನಾಲ್ಕು ಗಂಟೆ ಎಣ್ಣೆಯಲ್ಲಿ ನೆನೆಯಿಡಬೇಕು. ಕೂಡಿಸಿದ ಮೇಲೆ ರೀಮರಿನಿಂದ ಕೊರೆಯಬಾರದು. ಕೊರೆದರೆ ಲೋಹವು ಸವರಿಹೋಗಿ ರಂಧ್ರಗಳು ಮುಚ್ಚುತ್ತವೆ. ಸುರುಳಿಗಳ ಒಳಸಂಪರ್ಕವನ್ನು ಪರೀಕ್ಷಿಸುವ ಗ್ರೌಲರ್ ಎಂಬ ಉಪಕರಣವು ವೈಂಡಿಂಗ್ ಅಂಗಡಿಗಳಲ್ಲಿ ಇರುತ್ತದೆ. ಅದರ ಮೇಲಿಟ್ಟು ತಿರುಗಿಸುವ ಆರ್ಮೇಚರಿಗೆ ಗರಗಸದ ಅಲಗನ್ನು ಹಿಡಿದಾಗ ಎಲ್ಲಿ ಅದು ಝೇಂಕರಿಸುವುದೋ ಅಲ್ಲಿ ದೋಷ.

ಮೋಟಾರು ಭರ್ರನೆ ತಿರುಗಿಯೂ ಎಂಜಿನ್ನು ಅಲುಗದಿದ್ದರೆ ದೋಷವು ವಿದ್ಯುತ್ತಿನದಲ್ಲ, ಪಿನಿಯನ್ನಿನದು. ವಿನ್ಸೆಂಟ್ ಬೆಂಡಿಕ್ಸರ ಹೆಸರಿನಿಂದ ಪ್ರಸಿದ್ಧವಾದ ಈ ಏರ್ಪಾಡು ಜಡತ್ವದ ಒಂದು ಸುಂದರ ಪಾಠ. ಪಿನಿಯನ್ನು ತಿರುಪಿನ ತೋಳಿನ ಮೇಲೆ ಸಡಿಲವಾಗಿ ಕುಳಿತಿರುತ್ತದೆ. ಆರ್ಮೇಚರ್ ಥಟ್ಟನೆ ತಿರುಗಿದಾಗ ಪಿನಿಯನ್ನು ತನ್ನ ಜಡತ್ವದಿಂದ ಹಿಂದುಳಿಯುತ್ತದೆ. ಹಿಂದುಳಿದುದು ತಿರುಪಿನ ಮೇಲೆ ಸರಿದು, ಫ್ಲೈವೀಲಿಗೆ ತೊಡಿಸಿದ ಹಲ್ಲಿನ ಬಳೆಯಲ್ಲಿ ಕಚ್ಚಿಕೊಳ್ಳುತ್ತದೆ. ಎಂಜಿನ್ನು ಹೊತ್ತಿ ವೇಗ ಪಡೆದೊಡನೆ ಬಳೆಯೇ ಪಿನಿಯನ್ನನ್ನು ಮುಂದೆ ತಳ್ಳುವುದರಿಂದ ಅದು ತಿರುಪಿನ ಮೇಲೆ ಮರಳಿ ಸರಿದು ಬಿಡಿಸಿಕೊಳ್ಳುತ್ತದೆ. ಕಚ್ಚುವಾಗಿನ ಆಘಾತವನ್ನು ಒಂದು ದಪ್ಪ ಸ್ಪ್ರಿಂಗು ತಾಳಿಕೊಳ್ಳುತ್ತದೆ. ಈ ತಿರುಪು ಒಣಗಿ ಶುಭ್ರವಾಗಿರಬೇಕು. ನಮ್ಮಲ್ಲಿ ತಿರುಗುವುದಕ್ಕೆಲ್ಲ ಗ್ರೀಸು ಮೆತ್ತುವ ಭಕ್ತಿಯಿದೆ. ಮೆತ್ತಿದ ಗ್ರೀಸಿಗೆ ಕ್ಲಚ್ಚಿನ ಧೂಳು ಅಂಟಿ ಗಟ್ಟಿಯಾಗಿ ಪಿನಿಯನ್ನು ಸರಿಯದಾಗುತ್ತದೆ. ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿದರೆ ಎಷ್ಟೋ ‘ಸತ್ತ’ ಸ್ಟಾರ್ಟರುಗಳು ಎದ್ದು ಕೂರುತ್ತವೆ. ಸ್ಪ್ರಿಂಗನ್ನು ಬಿಚ್ಚಬೇಕಾದರೆ ಅದನ್ನು ಒತ್ತಿ ಹಿಡಿಯುವ ಸಾಧನವಿಲ್ಲದೆ ಕೈಹಾಕಬಾರದು.

ಪಿನಿಯನ್ನು ಬಳೆಯಲ್ಲಿ ಸಿಕ್ಕಿಕೊಂಡು ಬಾರದೆ ಹೋದರೆ, ಮೋಟಾರಿನ ಹಿಂತುದಿಯಲ್ಲಿರುವ ಚೌಕ ತುದಿಗೆ ಸ್ಪಾನರು ಹಾಕಿ ತಿರುಗಿಸಿ ಬಿಡಿಸಬಹುದು. ಅಥವಾ ಸ್ವಿಚ್ಚನ್ನು ಮುಚ್ಚಿ, ಬಂಡಿಯನ್ನು ಟಾಪ್ ಗೇರಿನಲ್ಲಿಟ್ಟು ಹಿಂದಕ್ಕೂ ಮುಂದಕ್ಕೂ ಅಲುಗಿಸಬಹುದು. ಪದೇ ಪದೇ ಸಿಕ್ಕಿಕೊಂಡರೆ ಬಳೆಯ ಹಲ್ಲುಗಳನ್ನೇ ನೋಡಬೇಕು. ನಾಲ್ಕು ಸಿಲಿಂಡರುಗಳ ಎಂಜಿನ್ನು ಕಂಪ್ರೆಷನ್ನಿನ ಎದುರು ನಿಲ್ಲುವುದರಿಂದ ಒಂದು ಸುತ್ತಿನಲ್ಲಿ ಎದುರುಬದುರಾದ ಎರಡು ಸ್ಥಾನಗಳಲ್ಲಿಯೇ ಹೆಚ್ಚಾಗಿ ನಿಲ್ಲುತ್ತದೆ. ಪಿನಿಯನ್ನು ಬಂದು ಬಡಿಯುವುದೂ ಅಲ್ಲಿಯೇ, ಸವೆಯುವುದೂ ಅಲ್ಲಿಯೇ. ಹೊಸ ಬಳೆಯನ್ನು 300ರಿಂದ 400 ಸೆಂಟಿಗ್ರೇಡ್ ಡಿಗ್ರಿಗೆ, ಉಕ್ಕು ತಿಳಿನೀಲಿಗೆ ತಿರುಗುವವರೆಗೆ ಕಾಯಿಸಿ ತೊಡಿಸಬೇಕು. ಹೆಚ್ಚು ಕಾಯಿಸಿದರೆ ಹಲ್ಲಿನ ಹದ ಕೆಡುತ್ತದೆ. ಎಂಜಿನ್ನು ಅಥವಾ ಗೇರುಪೆಟ್ಟಿಗೆಯನ್ನು ಇಳಿಸದೆ ಇದು ಆಗುವ ಕೆಲಸವಲ್ಲ.

ಇನ್ನು ಬದಲಾವಣೆಯ ಮಾತು. ಆರ್ಮೇಚರ್ ಸುಟ್ಟು ಕಮ್ಯುಟೇಟರಿನ ಪಟ್ಟಿಗಳು ಎದ್ದುಬಂದಿದ್ದರೆ ಅಥವಾ ದಂಡ ಬಾಗಿದ್ದರೆ ದುರಸ್ತಿಗೆ ಹಟ ಹಿಡಿಯುವುದು ಸಾಧುವಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಂತಹ ಬಿಡಿಭಾಗಗಳ ಬೀದಿಗಳಲ್ಲಿ ಹುಡುಕುವವರು ಹೊರರೂಪವನ್ನು ನಂಬಬಾರದು. ಮಾರಿಸ್ ಆಕ್ಸ್‌ಫರ್ಡ್ ಜಾತಿಯ 1489 ಘನ ಸೆಂಟಿಮೀಟರ್ ಎಂಜಿನ್ನಿನ ಸ್ಟಾರ್ಟರು ಇದರ ಅಣ್ಣನಂತೆಯೇ ಕಾಣುತ್ತದೆ. ಆದರೆ ಅದು ಎಂ 418 ಜಿ, ನಾಲ್ಕೂ ಎಂಟನೆಯ ಒಂದು ಅಂಗುಲದ್ದು. ಪಿನಿಯನ್ನಿನ ಹಲ್ಲುಗಳನ್ನು ಎಣಿಸಿ, ಬೋಲ್ಟುಗಳ ಅಂತರವನ್ನು ಅಳೆದು, ಬಳೆಯ ಹಲ್ಲಿನ ಅಂಚನ್ನು ಯಾವ ಕಡೆಗೆ ಸವರಿದೆಯೆಂದು ನೋಡಿ ಕೊಳ್ಳಬೇಕು.

ಈಚೆಗೆ ಹಳೆಯ ಬಂಡಿಗಳಿಗೆ ಹೊಂದುವಂತೆ ಗೇರುಳ್ಳ ಹಗುರ ಸ್ಟಾರ್ಟರುಗಳೂ ಬಂದಿವೆ. ಅವು ಕಡಿಮೆ ಪ್ರವಾಹದಿಂದ ಎಂಜಿನ್ನನ್ನು ಬೇಗ ತಿರುಗಿಸುತ್ತವೆ. ಅಷ್ಟರಮಟ್ಟಿಗೆ ಕೆಟ್ಟ ಕೀಲುಗಳನ್ನೂ ಸಹಿಸಿಕೊಳ್ಳುತ್ತವೆ. ಆದರೆ ಅವುಗಳಲ್ಲಿ ಹಲವಕ್ಕೆ ಧ್ರುವಗಳು ಸುರುಳಿಯವಲ್ಲ, ಶಾಶ್ವತ ಕಾಂತಗಳು. ಶ್ರೇಣಿ ಮೋಟಾರಿಗೆ ಬ್ಯಾಟರಿಯನ್ನು ತಿರುವುಮುರುವಾಗಿ ಸೇರಿಸಿದರೂ ಅದು ಅದೇ ದಿಕ್ಕಿಗೆ ತಿರುಗುತ್ತದೆ. ಕ್ಷೇತ್ರವೂ ಆರ್ಮೇಚರಿನ ಪ್ರವಾಹವೂ ಒಟ್ಟಿಗೆ ತಿರುವಾಗುವುದರಿಂದ ಅವುಗಳ ಗುಣಲಬ್ಧದ ಚಿಹ್ನೆ ಬದಲಾಗದು. ಬಂಡಿಯನ್ನು ಋಣ ಭೂಸಂಪರ್ಕಕ್ಕೆ ಬದಲಾಯಿಸಿದವರು ಡೈನಮೋವಿನ ಕಾಂತತ್ವವನ್ನು ಹೊಸದಾಗಿ ತಿದ್ದಬೇಕಾದರೂ ಹಳೆಯ ಸ್ಟಾರ್ಟರನ್ನು ಮುಟ್ಟಬೇಕಾಗಿಲ್ಲದಿರುವುದು ಇದರಿಂದಲೇ. ಶಾಶ್ವತ ಕಾಂತದ ಮೋಟಾರಿಗೆ ಈ ಔದಾರ್ಯವಿಲ್ಲ. ಋಣ ಭೂಸಂಪರ್ಕಕ್ಕೆಂದು ಮಾಡಿದುದನ್ನು ಧನ ಭೂಸಂಪರ್ಕದ ಬಂಡಿಗೆ ಹಾಗೆಯೇ ಕೂಡಿಸಿದರೆ ಅದು ಹಿಂದುಮುಂದಾಗಿ ತಿರುಗುತ್ತದೆ. ಪದವಿ ತರಗತಿಯ ವಿದ್ಯಾರ್ಥಿಗಳಿಗೆ ಈ ಒಂದು ಪ್ರಶ್ನೆಯನ್ನು ನಾವು ಕೊಟ್ಟು ನೋಡಿದೆವು. ಸೂತ್ರವನ್ನು ಬರೆದವರಲ್ಲಿಯೂ ಹಲವರು ಉತ್ತರದಲ್ಲಿ ತಪ್ಪಿದರು.

ಗೋಣಿಚೀಲದಲ್ಲಿ ಬಂದ ಮೋಟಾರನ್ನು ನಾವು ಕೊಯ್ಯಲಿಲ್ಲ. ಹೊಸ ಬ್ರಷ್ಷುಗಳನ್ನು ಹಾಕಿ, ಪಿನಿಯನ್ನನ್ನು ತೊಳೆದು ಹಿಂದಿರುಗಿಸಿದೆವು. ಈಗ ಅದು ತನ್ನ ಬಂಡಿಯಲ್ಲಿಯೇ ಇದೆ, ಅದರ ಜಾಗಕ್ಕೆ ಬಂದಿದ್ದುದು ಅಧ್ಯಾಪಕರ ಕೊಟ್ಟಿಗೆಯ ಅಟ್ಟದ ಮೇಲಿದೆ. ಮೋಟಾರಿಗೆಂದು ಮಾಡಿಸಿದ್ದ ಗಾಜಿನ ಪೆಟ್ಟಿಗೆಯಲ್ಲಿ ಹಸುರುಗಟ್ಟಿದ ಆ ತಾಮ್ರದ ಪಟ್ಟಿಯನ್ನು, ಅದರ ಬಣ್ಣ ಬಳಿದ ಬೋಲ್ಟಿನೊಡನೆ, ಇರಿಸಿದ್ದೇವೆ.